ನನ್ನನ್ನು ಕಂಡು ರಸ್ತೆ ದಾಟುವವರಿಗೆ

ವರ್ತಕರ ಸಂಘದ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಮುಂದಿನ ಎರಡು ಸಾಲು ಖಾಲಿ ಬಿಟ್ಟು ಹಿಂದೆ ಒತ್ತೊತ್ತಾಗಿ ಕುಳಿತಿರುವ ಸಭಿಕರೇ,

ಇಪ್ಪತ್ತಾರು ವರ್ಷ ಶವವಾಹನ ಓಡಿಸಿ ನಿವೃತ್ತನಾದೆನೆಂದು ನೀವು ನನಗೆ ಫಲಕ ಕೊಟ್ಟಿದ್ದೀರಿ. ಸಂತೋಷ. ಆದರೆ ಕೊಡುವಾಗ ಕಾರ್ಯದರ್ಶಿಗಳು ಅದರ ಆ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದಿದ್ದರು, ನನ್ನ ಮುಖ ನೋಡಲಿಲ್ಲ. ಎರಡು ಒಳ್ಳೆಯ ಮಾತಾಡಿ ಎಂದಿದ್ದಾರೆ. ಒಳ್ಳೆಯ ಮಾತನ್ನು ಮನೆಯಲ್ಲೇ ಬಿಟ್ಟು ಬಂದಿದ್ದೇನೆ.

ನಾನು ನಿಮಗೇನು ಮಾಡಿದ್ದೇನೆ? ಬೆಳಗ್ಗೆ ಹಾಲು ತರಲು ಹೋದರೆ ಎದುರಿಗೆ ಬರುವವರು ರಸ್ತೆ ದಾಟುತ್ತಾರೆ. ಕ್ಷೌರದಂಗಡಿಯಲ್ಲಿ ಪಕ್ಕದ ಕುರ್ಚಿಯವರು ಅರ್ಧ ಗಡ್ಡಕ್ಕೇ ಎದ್ದು ಹೋಗಿದ್ದಾರೆ. ನಾನು ಯಾರನ್ನಾದರೂ ಚೆನ್ನಾಗಿದ್ದೀರಾ ಎಂದು ಕೇಳಿದರೆ, ಅಳತೆ ತೆಗೆದುಕೊಂಡ ಹಾಗಿರುತ್ತದಂತೆ. ಹಾಗೆಂದವರು ದರ್ಜಿ. ಅಳತೆ ತೆಗೆಯುವುದು ಯಾರ ಕಸುಬು ಸ್ವಾಮಿ, ನನ್ನದೋ ಅವರದೋ?

ಇದೇ ಜನ ಮನೆಯಲ್ಲಿ ಸಾವಾದ ದಿನ ನನ್ನ ಕೈ ಹಿಡಿದು ಅತ್ತವರು. "ಅಣ್ಣಾ, ಮೆಲ್ಲಗೆ ಓಡ್ಸಿ, ಅಮ್ಮನಿಗೆ ಕುಲುಕಿದ್ರೆ ಆಗಲ್ಲ" ಎಂದು ಬೇಡಿಕೊಂಡವರು. ಓಡಿಸಿದ್ದೇನೆ. ಒಂದು ಗುಂಡಿಗೂ ಚಕ್ರ ಇಳಿಸದೆ ಓಡಿಸಿದ್ದೇನೆ. ಅವತ್ತು ಅಣ್ಣನಾದವನು ಮರುವಾರ ತರಕಾರಿ ಅಂಗಡಿಯಲ್ಲಿ ಯಾರೂ ಅಲ್ಲವೇ?

ನಮ್ಮ ಕೆಲಸದಲ್ಲಿ ಸಾವಿನ ಮನೆಯಿಂದ ಹೊರಡುವಾಗ ಬರ್ತೀನಿ ಅನ್ನುವಂತಿಲ್ಲ. ಕೆಲಸ ಕಲಿಸಿದ ಹಿರಿಯ ಡ್ರೈವರು ಮೊದಲ ದಿನವೇ ಹೇಳಿಕೊಟ್ಟಿದ್ದರು, ಬಾಯಿ ಮುಚ್ಚಿಕೊಂಡು ಗಾಡಿ ಹತ್ತಬೇಕೆಂದು. ಅದೇ ರೂಢಿಯಾಗಿ ಸ್ವಂತ ಮನೆಯಿಂದಲೂ ಹೇಳದೆ ಕೇಳದೆ ಹೊರಡುತ್ತಿದ್ದೆ. ಹೆಂಡತಿ ದಿನವೂ ಬೈಯುತ್ತಿದ್ದಳು.

ಇರಲಿ. ಅಣ್ಣನ ವಿಷಯ ಎತ್ತಬಾರದೆಂದುಕೊಂಡಿದ್ದೆ, ಬಾಯಿಗೆ ಬಂದುಬಿಟ್ಟಿತು. ನನ್ನ ಒಡಹುಟ್ಟಿದ ಅಣ್ಣ, ಬೆನ್ನ ಮೇಲೆ ಕೂರಿಸಿಕೊಂಡು ಈಜು ಕಲಿಸಿದವನು, ಹೋದ ವರ್ಷ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಎರಡನೇ ಮಹಡಿ, ಕಿಟಕಿ ಪಕ್ಕದ ಹಾಸಿಗೆ. ನಾನು ದಿನವೂ ಹೋಗುತ್ತಿದ್ದೆ, ಕೆಳಗೆ ಸ್ಕೂಟರ್ ನಿಲ್ಲಿಸುವ ಜಾಗದವರೆಗೆ. ಅಲ್ಲಿಂದ ಅತ್ತಿಗೆಗೆ ಫೋನು ಮಾಡಿ ವಿಚಾರಿಸಿಕೊಂಡು ವಾಪಸು. ಅತ್ತಿಗೆಯೇ ಬರಬೇಡ ಅಂದರೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಸುಳ್ಳು. ಅತ್ತಿಗೆ ದಿನವೂ ಕರೆದರು. ನನ್ನ ಮುಖ ಕಂಡರೆ ಅಣ್ಣ ತನ್ನ ಕಥೆ ಮುಗಿಯಿತು ಎಂದುಕೊಳ್ಳುತ್ತಾನೆ ಎಂದು ಹೆದರಿ, ನಾನೇ ಮೆಟ್ಟಿಲು ಹತ್ತಲಿಲ್ಲ. ಇಪ್ಪತ್ತನೇ ದಿನ ಹತ್ತಿದೆ, ಸ್ಟ್ರೆಚರ್ ಹಿಡಿದುಕೊಂಡು. ಆಗ ಅತ್ತಿಗೆ ಒಂದೇ ಮಾತು ಕೇಳಿದರು: "ದಿನಾ ಬಾಗಿಲ ಕಡೆನೇ ನೋಡ್ತಿದ್ರು. ನೀನ್ಯಾಕಪ್ಪ ಬರ್ಲಿಲ್ಲ?"

ನಿಮ್ಮನ್ನು ಬೈಯಲೆಂದೇ ಈ ಮೈಕಿನ ಮುಂದೆ ಬಂದೆ. ಈಗ ಯಾರನ್ನು ಬೈಯಲಿ? ನೀವು ಇಪ್ಪತ್ತಾರು ವರ್ಷ ರಸ್ತೆ ದಾಟಿ ದಾಟಿ, ನನ್ನ ಮುಖ ಕೆಟ್ಟದ್ದೆಂದು ನನ್ನನ್ನೇ ನಂಬಿಸಿಬಿಟ್ಟಿರಿ. ಅದಕ್ಕೆ ನನಗೆ ಸಿಟ್ಟು. ನಂಬಿದೆನಲ್ಲಾ, ಅದಕ್ಕೆ ಇನ್ನೂ ಸಿಟ್ಟು.

ಅಧ್ಯಕ್ಷರೇ, ನಿಮ್ಮ ತಾಯಿ ನನಗೆ ಮೂರನೇ ತರಗತಿಯಲ್ಲಿ ಪಾಠ ಹೇಳಿದ ಟೀಚರು. ತಿಂಗಳಿಂದ ಹಾಸಿಗೆ ಹಿಡಿದಿದ್ದಾರೆಂದು ಗೊತ್ತು. ನಾಳೆ ಬೆಳಗ್ಗೆ ಹತ್ತು ಗಂಟೆಗೆ ಅವರನ್ನು ನೋಡಲು ಬರುತ್ತೇನೆ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಟೀಚರ್, ಹೇಗಿದ್ದೀರಿ ಎಂದು ಕೇಳುತ್ತೇನೆ. ನೀವು ನೆಲ ನೋಡಬೇಡಿ. ಬೇಡವೆನ್ನುವುದಾದರೆ ಈಗಲೇ, ಎಲ್ಲರೆದುರಿಗೇ ಹೇಳಿ.

ಹೇಳುವುದಿಲ್ಲವೇ? ಹಾಗಾದರೆ ಟೀಚರಿಗೆ ಇವತ್ತೇ ತಿಳಿಸಿಬಿಡಿ, ನಾಳೆ ಅವರ ಹುಡುಗನೊಬ್ಬ ಬರುತ್ತಾನೆಂದು. ಮಾತು ಒರಟಾಯಿತು, ಆದರೂ ಕೇಳಿಸಿಕೊಂಡಿರಿ. ಎಲ್ಲರಿಗೂ ವಂದನೆ, ನಮಸ್ಕಾರ.