ಫಕೀರವ್ವ ಆಡದ ಮಾತು

ಒಂದೂರಿನಲ್ಲಿ ಓದಿದ ಹುಡುಗಿಯೊಬ್ಬಳಿದ್ದಳು. ಶ್ರೀಮಂತರ ಕಥೆ ಬಹಳ ಕೇಳಿದ್ದೀರಿ. ಇವತ್ತು ಇವಳದು ಕೇಳಿ.

ಹಳ್ಳಿಹಳ್ಳಿ ತಿರುಗಿ, ಹೆರಿಗೆ ಮಾಡಿಸುತ್ತಿದ್ದ ಮುದುಕಿಯರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಪ್ರಬಂಧ ಬರೆಯುತ್ತಿದ್ದಳು. ಸಂಶೋಧನೆ! ಒಳ್ಳೆಯ ಕೆಲಸ ತಾನೆ? ಆದರೆ ಯಾವ ರೆಕಾರ್ಡಿಂಗಿಗೂ ಹೆಸರಿಲ್ಲ, ಊರಿಲ್ಲ, ತಾರೀಖಿಲ್ಲ.

"ಅಲ್ಲವಾ, ಯಾರ ಮಾತು ಯಾವುದು ಅಂತ ಬರದಿಟ್ಟೀಯೋ ಇಲ್ಲೋ?" ಎಂದು ಗುರುಗಳು ಗದರಿದರು.

"ಎದುರಿಗೆ ಕುಂತು ಕೇಳೀನ್ರಿ ಸರ್. ದನಿ ಮರೀತೀನೇನ್ರಿ?"

ನೋಡಿ, ಆ ಹುಡುಗಿ ಸುಳ್ಳುಗಾರ್ತಿಯಲ್ಲ, ಸೋಮಾರಿಯೂ ಅಲ್ಲ. ಮುದುಕಿಯರೆಂದರೆ ಅವಳಿಗೆ ಜೀವ. ಇಷ್ಟು ಪ್ರೀತಿ ಇದ್ದ ಮೇಲೆ ಮರೆವು ಎಲ್ಲಿಂದ ಬರಬೇಕು ಎಂದು ನಂಬಿದ್ದಳು, ಅಷ್ಟೇ.

ಪ್ರಬಂಧ ಪುಸ್ತಕವಾಯಿತು. ಬಿಡುಗಡೆ ಸೂಲಗಿತ್ತಿ ಫಕೀರವ್ವನ ಊರಿನಲ್ಲಿ. ಆ ಊರಿನ ಅರ್ಧ ಜನ ಭೂಮಿಗೆ ಬಿದ್ದದ್ದೇ ಅವಳ ಕೈಮೇಲೆ. ಅಜ್ಜಿಗೆ ಶಾಲು ಹೊದಿಸಿ ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಬಾಣಂತಿಯೊಬ್ಬಳು ಹಸುಗೂಸನ್ನು ತಂದು ಅವಳ ತೊಡೆಯ ಮೇಲಿಟ್ಟಳು. ಹುಡುಗಿಗೆ ಎದೆ ತುಂಬಿ ಬಂತು.

ಅತಿಥಿಗಳು ಪುಸ್ತಕ ತೆರೆದು ಗಟ್ಟಿಯಾಗಿ ಓದಿದರು: "ಫಕೀರವ್ವ ಹೇಳುತ್ತಾಳೆ: ಮನಿಯವರು ಕಣ್ಸನ್ನಿ ಮಾಡಿದ್ರ, ಹೆಣ್ಣುಕೂಸಿನ ಬಾಯಿಗೆ ಬಟ್ಟಿ ಒತ್ತಿಬಿಡತಿದ್ದೆ."

ಬಾಣಂತಿ ಎದ್ದು ಬಂದವಳೇ ಕೂಸನ್ನು ಕಿತ್ತುಕೊಂಡಳು. ಹೌದು, ಕಿತ್ತುಕೊಂಡಳು!

ಫಕೀರವ್ವನ ಕೈ ಚಾಚಿದಂತೆಯೇ ಉಳಿಯಿತು. "ಯವ್ವಾ, ನಾ ಯಾವಾಗ ಹಂಗಂದೆ ನಿನ್ನ ಮುಂದ?"

ಹುಡುಗಿ ಮೊಬೈಲನ್ನು ಕಿವಿಗೆ ಹಿಡಿದಳು. ಅದೇ ಮಾತು, ಫಕೀರವ್ವನದೆಂದು ಅವಳು ನಂಬಿದ್ದ ಒಡಕು ದನಿ. ಅದರ ಬೆನ್ನಿಗೇ ಇನ್ನೊಂದು: "ಸಾಕು ಮಾಡವಾ, ನನ್ನ ಮಗ ಬರೂ ಹೊತ್ತಾತು." ಮಗ? ಫಕೀರವ್ವನಿಗೆ ಮಕ್ಕಳೇ ಇಲ್ಲವಲ್ಲ! ಈ ದನಿ ಮಗನಿದ್ದ ಪಕ್ಕದೂರಿನ ಮುದುಕಿಯದು. ಹುಡುಗಿ ವೇದಿಕೆಗೆ ಓಡಿ ಮೈಕು ಹಿಡಿದಳು.

"ತಪ್ಪು ನಂದು! ಈ ಮಾತು ಅಜ್ಜಿದಲ್ಲ!"

ಹಿಂದಿನ ಸಾಲಿನಿಂದ ಒಬ್ಬ ಕೂಗಿದ: "ಪುಸ್ತಕದಾಗ ಅಕಿದು ಅಂತಿ, ಮೈಕಿನ್ಯಾಗ ಅಲ್ಲ ಅಂತಿ. ಯಾವುದು ನಂಬೂಣು ತಂಗಿ?"

ಅವಳು ಮೊಬೈಲನ್ನು ಎತ್ತಿ ತೋರಿಸಿದಳು; ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಬಾಣಂತಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೇ ಹೋದಳು.

ಮಕ್ಕಳೇ, ಓದುವವರೇ, ಕೇಳಿಸಿತೇ? ಮಾತು ಕೇಳಿ ಎದ್ದೇಳುವ ಮೊದಲು ಬರೆಯಿರಿ: ಯಾರು, ಎಲ್ಲಿ, ಯಾವಾಗ. ಪುಸ್ತಕದಿಂದ ಎತ್ತಿದ ಸಾಲಿಗೆ ಅಲ್ಲೇ ಪುಟದ ಸಂಖ್ಯೆ ಹಾಕಿ. ಅವರ ಮಾತು ಬೇರೆ, ನಿಮ್ಮ ಮಾತು ಬೇರೆ ಇಡಿ.

ನಾವೇನು ಸಂಶೋಧಕರಲ್ಲ ಎಂದು ನಗುತ್ತೀರಾ ತಾಯಂದಿರೇ? ನಲ್ಲಿಯ ಹತ್ತಿರ, ವಾಟ್ಸಾಪಿನಲ್ಲಿ, "ಅವಳು ಹಾಗಂದಳಂತೆ" ಎಂದು ನಿನ್ನೆ ಯಾರ ಹೆಸರು ತೆಗೆದಿರಿ? ಆ ಮಾತು ನಿಮ್ಮ ಕಿವಿಗೆ ಬಂದದ್ದು ಯಾರ ಬಾಯಿಂದ? ನೆನಪಿದೆಯೇ? ಇಲ್ಲವೇ? ಹಾಗಾದರೆ ಇವತ್ತು ಇಲ್ಲಿಂದ ನೆಟ್ಟಗೆ ಅವಳ ಬಾಗಿಲಿಗೆ ಹೋಗಿ. "ನೀನು ಹಾಗಂದೆಯಾ?" ಎಂದು ಅವಳನ್ನೇ ಕೇಳಿ. ಊಟ ಆಮೇಲೆ.