ಈ ಸಲದ ಜ್ವರ

ಮಂಡಿನೋವಿಗೆ ಔಷಧಿ ಬರೆಸಿಕೊಳ್ಳಲು ಹೆಬ್ಬಾಳದ ಕ್ಲಿನಿಕ್ಕಿನಲ್ಲಿ ಕಾದು ಕೂತಿದ್ದ ಚಿಕ್ಕಮಾದಮ್ಮನ ಪಕ್ಕದಲ್ಲಿ ಗಂಡ ಹೆಂಡತಿ ಇಬ್ಬರು ಬಂದು ಕೂತರು. ಹೆಂಡತಿಯ ಮಡಿಲಲ್ಲಿ ಹೆಣ್ಣುಮಗು ನಿದ್ದೆಹೋಗಿತ್ತು. ಅದರ ಪುಟ್ಟ ಕಾಲು ತೊಡೆಗೆ ತಾಗಿದಾಗ ಚಿಕ್ಕಮಾದಮ್ಮನಿಗೆ ಕೆಂಡ ಮುಟ್ಟಿದಂತಾಯಿತು.

“ಡೇಕೇರ್‌ನೋರು ಏನಂದ್ರು?” ಎಂದ ಗಂಡ.

“ಜ್ವರ ಪೂರ್ತಿ ಬಿಟ್ಟು ಒಂದಿನ ಆಗೋವರ್ಗೂ ಕರ್ಕೊಂಡು ಬರ್ಬೇಡಿ ಅಂದ್ರು. ಬೇರೆ ಮಕ್ಳಿಗೂ ಅಂಟ್ಕೊಳುತ್ತಂತೆ.”

“ಅವ್ರು ಹೇಳೋದೂ ಸರೀನೇ.”

“ಸರೀನೇ ಕಣ್ರೀ. ಮನೇಲಿ ಯಾರಿರೋದು ಈಗ?”

“ನಾನು ಹೋದ್ ತಿಂಗ್ಳೇ ನಂಗೆ ಜ್ವರ ಅಂತ ಡಾಕ್ಟ್ರ ಚೀಟಿ ಕೊಟ್ಬುಟ್ಟಿದ್ದೀನಿ. ಈ ಸಲ ನಿಂದು.”

“ಮಗೂಗೆ ಹುಷಾರಿಲ್ಲ ಅಂತ ನಿಜಾನೇ ಹೇಳ್ಬುಡ್ಲಾ?”

“ಮಗೂಗೆ ಅಂದ್ರೆ ಫ್ಯಾಕ್ಟ್ರೀಲಿ ರಜಾ ಎಲ್ಲಿ ಕೊಡ್ತಾರೆ? ಚೀಟಿ ನಿನ್ ಹೆಸ್ರಲ್ಲೇ ಬೇಕು. ಇವಳಿಗೆ ನಿನ್ನೆನೇ ಔಷಧಿ ಕೊಡ್ಸಾಯ್ತಲ್ಲ.”

“ಡಾಕ್ಟ್ರು ನನ್ ಮೈ ಮುಟ್ಟಿ ನೋಡಿದ್ರೆ?”

“ಬೆಳಗ್ಗೆಯಿಂದ ಇವಳನ್ನ ತಬ್ಕೊಂಡಿದ್ದೀಯ. ನಿನ್ ಮೈಯೂ ಬಿಸಿಯಾಗೇ ಇರುತ್ತೆ ಬುಡು.”

ಚಿಕ್ಕಮಾದಮ್ಮ ಏನೂ ಕೇಳಿಸದವಳಂತೆ ಮಂಡಿ ನೀವಿಕೊಂಡಳು.

“ಜ್ವರ ಯಾರಿಗಮ್ಮ?” ನರ್ಸ್ ಬಾಗಿಲಲ್ಲಿ ನಿಂತು ಕೇಳಿದಳು.

“ನಂಗೆ,” ಎಂದು ಎದ್ದವಳು ಮಗುವನ್ನು ಗಂಡನ ಹೆಗಲಿಗೆ ಹಾಕಿದಳು. “ನೀವು ಆಚೆ ಕರ್ಕೊಂಡೋಗಿ. ಎದ್ದು ಅಳೋಷ್ಟರಲ್ಲಿ ಬಂದ್ಬುಡ್ತೀನಿ.”

ಅವನು ಹೊರಡುವ ಮುಂಚೆ ಎರಡೂ ಅಂಗೈಗಳನ್ನು ಮಗುವಿನ ಬೆನ್ನಿಗೆ ಒಂದು ಗಳಿಗೆ ಒತ್ತಿ ಹಿಡಿದಳು. ಆಮೇಲೆ ಆ ಅಂಗೈಗಳನ್ನೇ ತನ್ನ ಹಣೆಗೆ ಒತ್ತಿಕೊಂಡು ಒಳಗೆ ಹೋದಳು.