ಒಂದು ಇದ್ದದ್ದು ಸೊನ್ನೆಯಾದ ಸುದ್ದಿ

...ನಗೋ ವಿಷಯ ಅಲ್ಲ ಕಣೇ! ಒಂದು ಇದ್ದದ್ದು ಸೊನ್ನೆ ಆಗಿದೆ. ಒಂದೇ ಒಂದು ಅಂಕಿ. ಬೆಳಗ್ಗೆಯಿಂದ ಆಫೀಸಿನಲ್ಲಿ ಯಾರಿಗೂ ಕಾಫಿ ಗಂಟಲಲ್ಲಿ ಇಳಿದಿಲ್ಲ. ಬಸ್ ನಿಲ್ದಾಣದ ಫಲಕಗಳೆಲ್ಲ ಕೆಟ್ಟು, ಹೋದ ಬಸ್ಸು ಬರುತ್ತೆ ಅಂತ ಜನರನ್ನ ನಿಲ್ಲಿಸಿದ್ದವಲ್ಲ, ಆವತ್ತೂ ಮ್ಯಾನೇಜರ್ ಈ ಮುಖ ಮಾಡಿರಲಿಲ್ಲ. ಆ ಫಲಕ ನಡೆಸೋದೇ ನಮ್ಮ ಕಸುಬು! ಅದಕ್ಕಿಲ್ಲದ ಗಾಬರಿ ಒಂದು ಸೊನ್ನೆಗೆ.

ಬಾಗಿಲು ಹಾಕು. ಈ ಯಂತ್ರದ ಕೋಣೆಯ ಫ್ಯಾನ್ ಸದ್ದಿಗೆ ಹೊರಗೆ ಏನೂ ಕೇಳಿಸಲ್ಲ, ಆದರೂ ಹಾಕು. ಕೂತ್ಕೋ. ನಾನಾ? ನಾನು ನಿಂತೇ ಇರ್ತೀನಿ. ಕೂತರೆ ಕಾಲು ಸುಮ್ಮನಿರಲ್ಲ.

ನೋಡು, ನೀನು ಫಲಕದ ಅಕ್ಷರ, ಬಣ್ಣ ನೋಡೋಳು. ನಿನಗೆ ಇದೆಲ್ಲ ಗೊತ್ತಿರಲ್ಲ. ಒಂದು ಪ್ರೋಗ್ರಾಂ ಕೆಟ್ಟರೆ ಇನ್ನೊಂದು ಪ್ರೋಗ್ರಾಂ ಅದರ ಹೊಟ್ಟೆಯೊಳಗೆ ಇಣುಕಿ ನೋಡುತ್ತೆ. ನೋಡಬೇಕಾದರೆ ಕರ್ನಲ್‌ನ ಕೇಳಬೇಕು. ಕರ್ನಲ್ ಅಂದರೆ... ಯಂತ್ರದ ಯಜಮಾನ ಅಂತ ಇಟ್ಕೋ. ಯಾರನ್ನ ಬಿಡಬೇಕು ಅಂತ ಅವನು ಒಂದು ಅಂಕಿ ನೋಡಿ ಹೇಳ್ತಾನೆ. ಆ ಅಂಕಿ ಒಂದು ಇದ್ದರೆ, ಹೆತ್ತ ಪ್ರೋಗ್ರಾಂ ತಾನು ಶುರು ಮಾಡಿದ ಮಗುವಿನೊಳಗೆ ನೋಡಬಹುದು. ಬೇರೆಯವರು ನೋಡಬೇಕಾದರೆ ಆ ಮಗುವೇ ‘ಇಂಥವರು ನೋಡಲಿ’ ಅಂತ ಹೇಳಿರಬೇಕು. ಸೊನ್ನೆ ಇದ್ದರೆ, ಒಂದೇ ಖಾತೆಯವರು ಯಾರು ಬೇಕಾದರೂ ಯಾರೊಳಗೆ ಬೇಕಾದರೂ!

ಏನಂದೆ? ಅಣ್ಣ ಇಣುಕಬಹುದಾ ಅಂತಾನಾ? ಇಲ್ಲ... ಅಣ್ಣನಿಗೆ ಅಂತ ಕರ್ನಲ್‌ನಲ್ಲಿ ಏನೂ ಬರೆದಿಲ್ಲ. ನಗಬೇಡ ಅಂದೆ.

ಇನ್ನು ನಮ್ಮ ಆಫೀಸಿನ ಭಾಗ್ಯ ನಿನಗೆ ಗೊತ್ತೇ ಇದೆ. ಎಲ್ಲರ ಮೇಜೂ ಇದೇ ಯಂತ್ರಕ್ಕೆ ಜೋತುಬಿದ್ದಿದೆ, ಎಲ್ಲರದೂ ಒಂದೇ ಖಾತೆ, ಒಂದೇ ಪಾಸ್‌ವರ್ಡ್. ತಲೆಗೊಂದು ಪಾಸ್‌ವರ್ಡ್ ಕೊಟ್ಟರೆ ಮರೆತು ಬಂದು ನನ್ನ ಪ್ರಾಣ ತಿಂತೀರ ಅಂತ ಮಾಡಿದ ಅನುಕೂಲ. ಕರ್ನಲ್ ಪಾಲಿಗೆ ನಾವೆಲ್ಲ ಒಬ್ಬನೇ ಮನುಷ್ಯ. ಅನ್ಯೋನ್ಯ ಅಂದರೆ ಇದು!

ಇಣುಕುವಾಗ ಆ ಪ್ರೋಗ್ರಾಂ ನಿಂತುಬಿಡುತ್ತೆ. ಸೋಮವಾರ ಊಟ ಆದಮೇಲೆ ನಿನ್ನ ಚಾಟ್ ಕಲ್ಲಾಗಿ ಕೂತಿತ್ತಲ್ಲ, ಅದೇ. ನೀನು ಹೋಗಿ, ನನ್ನ ಜೊತೆ ಈ ಯಂತ್ರ ನೋಡ್ಕೊಳ್ಳೋ ಆ ಕನ್ನಡಕದವನಿಗೆ ಹೇಳಿದೆ. ಒಡಹುಟ್ಟಿದ ಅಣ್ಣ ಇಲ್ಲೇ ಕೂತಿದ್ದಾನೆ, ಪಕ್ಕದ ಮೇಜಿನವನಿಗೆ ಯಾಕೆ... ಇರಲಿ. ಅವನು ಕೆದಕಿದ, ಸೊನ್ನೆ ಸಿಕ್ಕಿತು.

ಅಂಕಿ ಬದಲಿಸೋಕೆ ಅಡ್ಮಿನ್ ಪಾಸ್‌ವರ್ಡ್ ಬೇಕು. ಅದಿರೋದು ಇಬ್ಬರ ಹತ್ತಿರ. ಅವನು, ನಾನು. ಅಡ್ಮಿನ್ ಆಗಿಯೇ ನೇರವಾಗಿ ಇಣುಕಬಹುದಿತ್ತು, ಆದರೆ ಹಾಗೆ ಮಾಡಿದರೆ ಮ್ಯಾನೇಜರ್‌ಗೆ ಮೇಲ್ ಹೋಗುತ್ತೆ. ಅಂಕಿ ಬದಲಿಸಿದರೆ ಹೋಗಲ್ಲ... ನನಗೆ ಹೇಗೆ ಗೊತ್ತು ಅಂದರೆ? ಆ ಏರ್ಪಾಡು ಮಾಡಿದವನೇ ನಾನಲ್ವೇನೇ! ಅವನಿಗೂ ಗೊತ್ತಿರುತ್ತೆ. ಜಾಣ ಅವನು.

ಈಗ ಮ್ಯಾನೇಜರ್ ವಿಚಾರಿಸೋಕೆ ನಿನ್ನ ಕರೀತಾರೆ. ಒಂದು ಮಾತು ಹೇಳು ಸಾಕು. ಸೋಮವಾರ ಅವನು ನಿನ್ನ ಮೇಜಿನ ಸುತ್ತ ಸುಳೀತಿದ್ದ ಅಂತ. ಸುಳ್ಳೇನು ಬಂತು? ಪಕ್ಕದ ಮೇಜು, ಸುಳೀದೆ ಇನ್ನೇನು ಹಾರಿ ಹೋಗ್ತಾನಾ? ಅವನಿಗೆ ಕೆಲಸ ಇನ್ನೂ ಖಾಯಂ ಆಗಿಲ್ಲ, ಮನೆಗೆ ಕಳಿಸ್ತಾರೆ. ಅಷ್ಟೇ. ಚಿಕ್ಕ ವಯಸ್ಸು, ಬೇರೆ ಕಡೆ ಸಿಗುತ್ತೆ. ನನಗೆ ಈ ವಯಸ್ಸಲ್ಲಿ ಯಾರು ಕೊಡ್ತಾರೆ?

ಯಾಕೆ ಹಾಗೆ ನೋಡ್ತೀಯ? ಅಪ್ಪ ಅಮ್ಮ ಹೋದಮೇಲೆ ನಿನ್ನ ಸಾಕಿದ್ದು ಯಾರು, ಕರ್ನಲ್ಲಾ? ಜಡೆ ಹಾಕೋದೂ ಕಲಿತೆ ನಿನಗೋಸ್ಕರ. ಸೊಟ್ಟ ಹಾಕ್ತಿದ್ದೆ, ಸರಿ, ಹಾಕ್ತಿದ್ದೆನಲ್ಲ! ಇವತ್ತಿಗೂ ನನಗೆ ನಿನ್ನದೇ ಯೋಚನೆ. ನೀನು ಬೇರೆ ಇರೋಕೆ ನೋಡಿರೋ ಆ ರೂಮು, ಲಿಫ್ಟಿಲ್ಲದ ಮೂರನೇ ಮಹಡಿ. ಆ ಮೊಣಕಾಲು ಇಟ್ಕೊಂಡು ದಿನಾ ಹತ್ತಿ ಇಳೀತೀಯ? ಹೋಗಬೇಡ ಅಂತಿಲ್ಲ ನಾನು. ಆದರೆ ‘ಎಲ್ಲಿ ಹೋದೆ, ಯಾರ ಜೊತೆ ಮಾತಾಡಿದೆ ಅಂತ ದಿನಾ ವರದಿ ಕೊಟ್ಟು ಸಾಕಾಗಿದೆ ಅಣ್ಣ’ ಅಂತ... ಅಷ್ಟು ದೊಡ್ಡ ಮಾತು ಆಡೋವಂಥದ್ದು ನಾನೇನು ಮಾಡಿದೆ?

ಏನು? ಏನಾಯ್ತು?

ನೀನೇ ಹೇಳಿದೆಯಲ್ಲ. ಮೊನ್ನೆ, ಊಟಕ್ಕೆ ಕೂತಾಗ... ಇಲ್ವಾ? ಹಾಗಾದರೆ ಮೆಸೇಜ್ ಮಾಡಿದ್ದೆ. ನನಗೇ ಮಾಡಿದ್ದೆ. ತಾಳು, ಫೋನ್‌ನಲ್ಲಿ ತೋರಿಸ್ತೀನಿ... ಇಲ್ಲೇ ಎಲ್ಲೋ...

ಕಳಿಸಲಿಲ್ಲ, ಅಲ್ವಾ. ಟೈಪ್ ಮಾಡಿದೆ, ಅಳಿಸಿಬಿಟ್ಟೆ.

ಅಳಿಸಿದ್ದು ಕೂಡಲೇ ಹೋಗಲ್ಲ ಕಣೇ. ಪ್ರೋಗ್ರಾಂ ಹೊಟ್ಟೆಯಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತೆ... ಎಷ್ಟೋ ಜನಕ್ಕೆ ಅದು ಗೊತ್ತಿಲ್ಲ...

ಬೈಯಿ. ಎರಡು ಬಿಡು ಬೇಕಾದರೆ. ಎದ್ದು ಎಲ್ಲಿಗೆ ಹೊರಟೆ? ಪುಟ್ಟೀ...

ಬಾಗಿಲು ಬಡೀತಿದ್ದಾರೆ. ನಿನ್ನನ್ನೇ. ಹೋಗು. ನಾನು ಹೇಳಿಕೊಟ್ಟದ್ದನ್ನ ಹೇಳೋದು ಬೇಡ... ನೀನು ಹೇಳೋದೂ ಇಲ್ಲ ಬಿಡು, ಮುಖದಲ್ಲೇ ಇದೆ.

ಸರಿ. ಕನ್ನಡಕದವನ ಕೆಲಸ ಉಳೀತು. ನನ್ನದು ಇವತ್ತಿಗೆ ಮುಗೀತು. ಒಂದನೇ ತಾರೀಖು ನೀನು ಆ ರೂಮಿಗೆ ಹೋಗ್ತೀಯ.